ಹಳೇ ಪೇಜಿನಲ್ಲಿ ಬರೆದದ್ದು

ಮಂಗೇಶ ಮತ್ತು ಸಪನಾ ಮೊದಲು ಮಾಡಿದ್ದೇ ಜಗಳ. ಒಬ್ಬರ ಮುಖ ಒಬ್ಬರು ನೋಡುವ ಮೊದಲೇ, ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಾಗುವ ಮೊದಲೇ. ಅದೂ ಎಂಥಾ ವಿಷಯಕ್ಕೆ ಅಂತೀರಿ? ನಲವತ್ತು ವರ್ಷದ ಹಿಂದಿನ ಒಂದು ಮರಾಠಿ ಸಿನಿಮಾದಲ್ಲಿ ಬಾವಿಯಿಂದ ನೀರು ಸೇದುವ ಹೆಂಗಸು ಯಾರು ಅನ್ನುವುದಕ್ಕೆ.

ಚಿತ್ರಖಜಾನಾ ಅಂತ ಒಂದು ವೆಬ್‌ಸೈಟಿತ್ತು. ಯಾವ ಸಿನಿಮಾದಲ್ಲಿ, ಯಾವ ಸೀರಿಯಲ್ಲಿನಲ್ಲಿ ಯಾರು ಯಾವ ಪಾತ್ರ ಮಾಡಿದರು ಅನ್ನುವುದನ್ನು ನೋಡುಗರೇ ಸೇರಿಸಿ ಸೇರಿಸಿ ಬೆಳೆಸಿದ ಸೈಟು. ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವುದು ಮಂಗೇಶನ ಕೆಲಸ. ಎರಡು ಬಸ್ಸುಗಳ ನಡುವೆ ಬಿಡುವು ಸಿಕ್ಕರೆ ಆ ಸೈಟಿನಲ್ಲಿ ಕನ್ನಡ, ಮರಾಠಿ ಹೆಸರುಗಳನ್ನು ತಿದ್ದುತ್ತಿದ್ದ. ತಿದ್ದಿ ತಿದ್ದಿ ಅಲ್ಲಿ ಪರಿಶೀಲಕನೂ ಆಗಿಬಿಟ್ಟಿದ್ದ. ಸಂಬಳ ಸೊನ್ನೆ, ಗತ್ತು ಮಾತ್ರ ತಹಸೀಲ್ದಾರರದು. 'ಬಾವಿಯ ಹತ್ತಿರದ ಹೆಂಗಸು: ಸುಭದ್ರಾಬಾಯಿ' ಅಂತ ಯಾರೋ ಸೇರಿಸಿದ್ದನ್ನು ಮೂರು ಸಲ ತೆಗೆದು ಹಾಕಿದ. ಮೂರೂ ಸಲ ಕಾರಣ ಒಂದೇ ಬರೆದ, ಪುರಾವೆ ಇಲ್ಲ.

ನಾಲ್ಕನೇ ಸಲ ಸಪನಾ ಅನ್ನುವ ಹೆಸರಿನಿಂದ ಉತ್ತರ ಬಂತು. "ಪುರಾವಾ ನಮ್ಮ ಮನ್ಯಾಗ ಎಲಿ ಅಡಕಿ ಹಾಕ್ಕೋತ ಕುಂತದ್ರಿ. ನಮ್ಮ ಆಯಿ. ಬೇಕಾದ್ರ ಎಕಂಬಾಕ್ಕ ಬಂದು ನೋಡಿ ಹೋಗ್ರಿ ಸಾಹೇಬ್ರ."

ಎಕಂಬಾ! ಪಕ್ಕದ ಔರಾದ ತಾಲೂಕಿನ ಎಕಂಬಾ! ಈ ಹುಡುಗಿ ಪುಣೆಯವಳೋ ಮುಂಬೈಯವಳೋ ಇರಬೇಕು ಅಂದುಕೊಂಡಿದ್ದ ಮಂಗೇಶ ಕುರ್ಚಿಯಲ್ಲೇ ಸರಿದು ಕೂತ. ತಾನು ಭಾಲ್ಕಿಯವನು ಅಂತ ಬರೆದ. ಅವಳು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಬರೆದಳು, "ಭಾಲ್ಕಿಯವರಾಗಿ ಇಷ್ಟ ಗತ್ತೇನ್ರಿ?"

ಅವಳು ಔರಾದದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಲ್ಯಾಬಿನ ಸಾಮಾನಿಗೆ ಅಂತ ಬೀದರಕ್ಕೆ ಬಂದ ದಿನ ಚೌಬಾರಾ ಗೋಪುರದ ಹತ್ತಿರ ಒಂದು ಜ್ಯೂಸ್ ಅಂಗಡಿಯಲ್ಲಿ ಭೇಟಿಯಾದರು. ಪುರಾವೆ ತಂದಿದ್ದಳು. ಶೂಟಿಂಗ್ ಮುಗಿದ ಮೇಲೆ ಬೀದರ ಕೋಟೆಯ ಬಾವಿಯ ಮುಂದೆ ತೆಗೆದ ಹಳೇ ಫೋಟೋ. ಕೊಡ ಹಿಡಿದು ನಿಂತ ಅಜ್ಜಿ ಸುಭದ್ರಾಬಾಯಿ, ಆಗ ಇಪ್ಪತ್ತೈದರ ಹರೆಯದವಳು.

ಮಂಗೇಶ ಫೋಟೋ ಒಮ್ಮೆ ನೋಡಿದ. ಆಮೇಲೆ ಸಪನಾಳ ಮುಖ ನೋಡಿದ. ಅದೇ ಹುಬ್ಬು, ಅದೇ ಅಗಲ ಕಣ್ಣು, ನಗು ಬಂದರೂ ಬರಗೊಡದೆ ಕೆಳತುಟಿ ಕಚ್ಚಿ ಹಿಡಿಯುವ ಅದೇ ಹಟ. ಜ್ಯೂಸಿನ ಐಸು ಕರಗಿ ನೀರಾದರೂ ಅವನು ನೋಡುವುದು ಮುಗಿಯಲಿಲ್ಲ.

"ಫೋಟೋ ನೋಡ್ರಂದ್ರ ನನ್ನ ನೋಡಲತ್ತೀರಿ?"

"ಹೋಲಿಕಿ ನೋಡಲತ್ತೀನ್ರಿ. ಪರಿಶೀಲಕ ಅಲ್ಲೇನ್ರಿ ನಾ?"

"ಪರಿಶೀಲನಾ ಆತೇನು?"

"ಇನ್ನ ಜರಾ ಟೈಮ್ ಬೇಕಾಗ್ತದ್ರಿ."

ಅವಳು ಓಢಣಿಯ ಅಂಚು ಬಾಯಿಗೆ ಒತ್ತಿಕೊಂಡಳು. ಕಣ್ಣು ಮಾತ್ರ ಮುಚ್ಚಿಕೊಳ್ಳಲಾಗಲಿಲ್ಲ, ಅವು ಬಾಯಿಬಿಟ್ಟು ನಕ್ಕುಬಿಟ್ಟವು. ಅವತ್ತೇ ಸಂಜೆ ಸುಭದ್ರಾಬಾಯಿಯ ಹೆಸರು ಚಿತ್ರಖಜಾನಾದಲ್ಲಿ ಸೇರಿತು.

ಫೋನ್ ನಂಬರು ಕೇಳಿದಾಗ ಅವಳು ಬೇಡ ಅಂದಳು. "ನಂಬರ ಕೊಟ್ಟರ ಫೋನ ಬರ್ತದ, ಫೋನ ಬಂದರ ನಮ್ಮ ಪಂಢರಿ ಅಣ್ಣ ಯಾರದು ಅಂತಾನ. ಸೈಟಿನ್ಯಾಗ ಬರೀರಿ. ಅಲ್ಲಿ ಯಾವ ಅಣ್ಣನೂ ಬರಂಗಿಲ್ಲ."

ಹಾಗೇ ಆಯಿತು. ಆ ಸೈಟಿನಲ್ಲಿ ಪ್ರತಿಯೊಬ್ಬರೂ ಇಷ್ಟದ ಸಿನಿಮಾಗಳ ಒಂದು ಪಟ್ಟಿ ಇಟ್ಟುಕೊಳ್ಳಬಹುದಿತ್ತು. ಒಂದೊಂದು ಸಿನಿಮಾದ ಕೆಳಗೂ ಟಿಪ್ಪಣಿ ಬರೆಯಲು ಸಣ್ಣ ಜಾಗ. ಅವನು ತನ್ನ ಪಟ್ಟಿಯಲ್ಲಿ ಬರೆಯುತ್ತಿದ್ದ, ಅವಳು ತನ್ನ ಪಟ್ಟಿಯಲ್ಲಿ ಬರೆಯುತ್ತಿದ್ದಳು, ಒಬ್ಬರದನ್ನು ಒಬ್ಬರು ಹೋಗಿ ಓದುತ್ತಿದ್ದರು. ಒಂದು ಹೊಡೆದಾಟದ ಸಿನಿಮಾದ ಕೆಳಗೆ 'ಇವತ್ತು ಹಸರ ಡ್ರೆಸ್ ಹಾಕೀನಿ' ಅಂತ ಇರುತ್ತಿತ್ತು. ಒಂದು ದೆವ್ವದ ಸೀರಿಯಲ್ಲಿನ ಕೆಳಗೆ 'ನೋಡಬೇಕನಸ್ತದ' ಅಂತ. ಬೇರೆ ಯಾರಾದರೂ ಓದಿದರೆ ಹುಚ್ಚರು ಅಂದುಕೊಳ್ಳಬೇಕು, ಅಷ್ಟೇ. ಹನ್ನೊಂದು ತಿಂಗಳು ಹೀಗೇ ಕಳೆಯಿತು. ನಡುವೆ ಬೀದರದಲ್ಲಿ ಐದು ಸಲ ಭೇಟಿಯಾದರು. ಐದೂ ಸಲ ಮಂಗೇಶ ಹೇಳಬೇಕಾದ ಮಾತನ್ನು ಹೇಳದೆ ಭಾಲ್ಕಿಗೆ ಮರಳಿದ.

ಎರಡು ವರ್ಷದ ಹಿಂದೆ, ಮಾರ್ಚಿನ ಒಂದು ಮಂಗಳವಾರ, ಅವಳ ಟಿಪ್ಪಣಿ ಬಂತು. "ಅಪ್ಪಾಜಿಗೆ ನಿಮ್ಮ ಹೆಸರು ಹೇಳೀನಿ. ಅವ್ರು ಬ್ಯಾಡ ಅಂದಿಲ್ಲ. ಆದ್ರ ನೀವ ಮನಿಗೆ ಬಂದು ಕೇಳಬೇಕಂತ. ಬರ್ತೀರಿಲ್ಲೋ?"

ಅವಳ ತಂದೆ ಧಮ್ಮಪಾಲ ಮಾಸ್ತರರು ನೇರ ಮನುಷ್ಯ, ಬೌದ್ಧರು. ತಡೆ ಇದ್ದದ್ದು ಅಲ್ಲಲ್ಲ, ಭಾಲ್ಕಿಯಲ್ಲಿ, ಮಂಗೇಶನ ಮನೆಯಲ್ಲಿ. ಜಾತಿ ಕೇಳದೆ ಒಂದು ಲೋಟ ನೀರೂ ಕುಡಿಯದ ಅವನ ತಾಯಿ ಪ್ರಮಿಲಾಬಾಯಿಗೆ ಈ ಮಾತು ಹೇಗೆ ಹೇಳುವುದು? ಬುಧವಾರ ಬೆಳಿಗ್ಗೆ ಅವನು ಬರೆದ, "ಬರ್ತೇನಿ. ಎಂಟ ದಿನಾ ತಡೀರಿ. ಅವ್ವಗ ಹೇಳಿ ಬರ್ತೇನಿ."

ಅದೇ ಬುಧವಾರ ಚಿತ್ರಖಜಾನಾ ತನ್ನ ರೂಪ ಬದಲಿಸಿತು. ಇದು ನಿಮಗೂ ಅನುಭವ ಇರಬೇಕಲ್ಲ? ಚೆನ್ನಾಗಿದ್ದುದನ್ನು ಕೆಡಿಸಿ, 'ನಿಮಗಾಗಿ ಹೊಸದಾಗಿ' ಅಂತ ಮೇಲೊಂದು ಬೋರ್ಡು ತಗುಲಿಸುತ್ತಾರೆ! ಯಾರು ಕೇಳಿದ್ದರಪ್ಪ? ಪಾತ್ರಧಾರಿಗಳ ಹೆಸರಿದ್ದ ಕಡೆ ಅಂಗೈಯಗಲದ ಚಿತ್ರಗಳು ಬಂದವು. ಪೇಜು ತೆರೆದರೆ ಸಾಕು, ಟ್ರೇಲರು ತಾನಾಗೇ ಕಿರುಚತೊಡಗಿತು. ಸಣ್ಣ ಪಾತ್ರದವರೆಲ್ಲ 'ಇನ್ನೂ ೩೪ ಜನ' ಅನ್ನುವ ಗುಂಡಿಯ ಕೆಳಗೆ ಹೋದರು, ಸುಭದ್ರಾಬಾಯಿಯೂ ಹೋದಳು. ಹಳೇ ಸೀರಿಯಲ್ಲು ಹುಡುಕಿದರೆ ಮೊನ್ನೆಯ ರಿಯಾಲಿಟಿ ಶೋ ಬರುತ್ತಿತ್ತು.

ಇದೆಲ್ಲ ಹಾಳಾಗಿ ಹೋಗಲಿ. ಮಂಗೇಶ ಅವಳ ಪಟ್ಟಿ ತೆರೆದು ನೋಡಿದ. ಸಿನಿಮಾಗಳಿದ್ದವು, ಅವುಗಳ ಕೆಳಗೆ ಏನೂ ಇರಲಿಲ್ಲ. ಹನ್ನೊಂದು ತಿಂಗಳ ಮಾತೆಲ್ಲ ಖಾಲಿ. ಅವನ ಸ್ವಂತ ಟಿಪ್ಪಣಿಗಳು ಮಾತ್ರ ಇದ್ದ ಹಾಗೇ ಇದ್ದವು.

ತನ್ನವು ಉಳಿದಿವೆ, ಅವಳವು ಹೋಗಿವೆ ಅಂದಮೇಲೆ ಅವಳೇ ಅಳಿಸಿರಬೇಕು. ಎಂಟು ದಿನ ತಡೆ ಅಂದದ್ದಕ್ಕೆ ಸಿಟ್ಟು ಬಂದಿರಬೇಕು. ಹೀಗಂತ ಮಂಗೇಶ ತೀರ್ಮಾನ ಮಾಡಿದ. ಮೊದಲು ಎದೆ ಬಿರಿಯುವಷ್ಟು ದುಃಖವಾಯಿತು. ಆಮೇಲೆ, ಇದನ್ನು ಅವನು ಯಾರ ಮುಂದೆಯೂ ಹೇಳಿಲ್ಲ, ದುಃಖದ ಅಡಿಯಲ್ಲಿ ಒಂದಿಷ್ಟು ನೆಮ್ಮದಿಯೂ ಆಯಿತು. ಇನ್ನು ಅವ್ವನ ಮುಂದೆ ಬಾಯಿ ತೆರೆಯುವ ಪ್ರಮೇಯವಿಲ್ಲ. ಬೇರೆ ಹೆಣ್ಣು ತೋರಿಸಿದಾಗಲೆಲ್ಲ ಬೇಡ ಅನ್ನುತ್ತ, ದಿನಕ್ಕೆ ನಾಲ್ಕು ಸಲ 'ಸಂತಪೂರ ಮಾರ್ಗವಾಗಿ ಔರಾದಕ್ಕೆ ಹೋಗುವ ಬಸ್ಸು' ಅಂತ ಕೂಗುತ್ತ ಎರಡು ವರ್ಷ ಕಳೆದ.

ಹೋದ ವಾರ ಔರಾದ ಬಸ್ಸಿನ ಕಂಡಕ್ಟರ್ ಕಲೀಮ ಕೌಂಟರಿನ ಮೇಲೆ ಒಂದು ಮದುವೆ ಕಾರ್ಡು ಇಟ್ಟು ಚಹಾಕ್ಕೆ ಹೋದ. ಎಕಂಬಾದ ಧಮ್ಮಪಾಲ ಮಾಸ್ತರರ ಮಗಳು ಸಪನಾ, ಡಾಬಕಾದ ಮಯೂರ. ಮದುವೆ ಇನ್ನು ನಾಲ್ಕು ದಿನಕ್ಕೆ, ಐತವಾರ, ಎಕಂಬಾದ ಬುದ್ಧವಿಹಾರದಲ್ಲಿ.

ಮಂಗೇಶ ಫೋನು ಕೈಗೆತ್ತಿಕೊಂಡ. ತಿಂಗಳುಗಟ್ಟಲೆ ಮುಟ್ಟದ ಚಿತ್ರಖಜಾನಾವನ್ನು ತೆರೆದ. ಅವಳ ಪಟ್ಟಿ ಖಾಲಿಯೇ ಇತ್ತು. ಏನು ಹೊಳೆಯಿತೋ, ಬೇರೆ ಹೆಸರಿನಲ್ಲಿ ಹೊಸ ಖಾತೆ ಮಾಡಿ ತನ್ನದೇ ಪಟ್ಟಿಯನ್ನು ಹೊರಗಿನಿಂದ ನೋಡಿದ. ಅದೂ ಖಾಲಿ! ಎಲ್ಲಕ್ಕಿಂತ ಕೆಳಗೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು: ಹೊಸ ವಿನ್ಯಾಸದಲ್ಲಿ ಟಿಪ್ಪಣಿಗಳು ಬರೆದವರಿಗೆ ಮಾತ್ರ ಕಾಣುತ್ತವೆ.

ಅಂದರೆ ಅವಳು ಏನನ್ನೂ ಅಳಿಸಿರಲಿಲ್ಲ. ತಾನು ಬರೆದ 'ಬರ್ತೇನಿ' ಅವಳಿಗೆ ಮುಟ್ಟಿಯೇ ಇರಲಿಲ್ಲ.

ಅವತ್ತು ಔರಾದ ಬಸ್ಸನ್ನು ಕೂಗಲು ಬೇರೆಯವರನ್ನು ಕೂರಿಸಿ ಮಂಗೇಶ ಅದೇ ಬಸ್ಸು ಹತ್ತಿದ. ಒಂದೂವರೆ ತಾಸಿನ ದಾರಿಯುದ್ದಕ್ಕೂ ಒಂದೇ ಆಸೆ. ಗೊತ್ತಾದರೆ ಅವಳು ಬರುತ್ತಾಳೆ. ಇನ್ನೂ ನಾಲ್ಕು ದಿನ ಇದೆ. ತಪ್ಪು ಆ ಸೈಟಿನದು, ತನ್ನದಲ್ಲ ಅಂತ ತಿಳಿದರೆ ಬಂದೇ ಬರುತ್ತಾಳೆ.

ಲ್ಯಾಬಿನಲ್ಲಿ ಅವಳು ತಲೆ ಎತ್ತದೆ ಕೇಳಿದಳು, "ಹೆಸರು ಹೇಳ್ರಿ."

"ಮಂಗೇಶ."

ಪೆನ್ನು ನಿಂತಿತು. ಅವಳು ನಿಧಾನ ತಲೆ ಎತ್ತಿದಳು. ಎರಡು ವರ್ಷದಲ್ಲಿ ಕಣ್ಣಿನ ಕೆಳಗೆ ತೆಳ್ಳಗೆ ಕಪ್ಪು ಕೂತಿತ್ತು, ಕೈಗೆ ಹಸಿರು ಬಳೆ ಬಂದಿದ್ದವು. ಆ ಕಣ್ಣು ಮಾತ್ರ ಅವೇ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜೊತೆಗೆ ಕೆಲಸ ಮಾಡುವ ಇರಮಳಿಗೆ ಹೇಳಿದಳು, "ಇರಮ, ಹತ್ತ ಮಿನಿಟ ನೋಡ್ಕೋ."

ಲ್ಯಾಬಿನ ಹೊರಗೆ ಬೇವಿನ ಮರದ ಕೆಳಗೆ ನಿಂತರು. ಮಂಗೇಶ ಒಂದೇ ಉಸಿರಿಗೆ ಎಲ್ಲ ಹೇಳಿದ. ಬುಧವಾರದ ಟಿಪ್ಪಣಿ, ಹೊಸ ವಿನ್ಯಾಸ, ಬೇರೆ ಖಾತೆ, ಸಣ್ಣ ಅಕ್ಷರ.

ಅವಳು ನೆಲ ನೋಡುತ್ತ ಕೇಳಿದಳು. ಕೊನೆಗೆ ಅಂದಳು, "ನೀವು ಬರದದ್ದನ್ನ ನಾ ನೋಡಿದ್ದೆ."

"ಸುಳ್ಳ. ನೋಡಾಕ ಆಗಂಗಿಲ್ಲ. ನಾ ಪರಿಶೀಲನಾ ಮಾಡೇ ಬಂದೀನಿ."

"ಮತ್ತ ಸುಳ್ಳನ್ನ ಖರೇ ಅಂತ ತಿಳಕೊಂಡು ಹೋಗ್ರಿ. ಇಬ್ಬರಿಗೂ ಛಲೋ."

"ಸಪನಾ, ನನಗ ನೀವು ಬೇಕ್ರಿ. ಅವತ್ತೂ ಬೇಕಾಗಿದ್ರಿ. ಚೌಬಾರಾದಾಗ ಆ ಫೋಟೋ ಹಿಡದಾಗಿಂದ ನಿಮ್ಮನ್ನ ಬಿಟ್ಟು ಯಾರನ್ನೂ ಮನಸ್ಸಿನ್ಯಾಗ ಇಟ್ಟಿಲ್ಲ."

ಅವಳ ಕಣ್ಣು ತುಂಬಿತು. ಮರೆಮಾಡಲು ಹೋಗಲಿಲ್ಲ. "ಇದನ್ನ ಬಾಯಲೆ ಕೇಳಬೇಕಂತ ಎಷ್ಟು ಆಸಿ ಇತ್ತು ನನಗ. ಐದು ಸಲ ಬೀದರಕ್ಕ ಬಂದೆ. ಪ್ರತೀ ಸಲ ಇವತ್ತ ಅಂತಾರ, ಇವತ್ತ ಅಂತಾರ ಅಂತ ಅನ್ಕೊಂಡ ಬರ್ತಿದ್ದೆ." ಕೆನ್ನೆ ಒರೆಸಿಕೊಂಡಳು. "ಇವತ್ತ ಹ್ಯಾಂಗ ಬಂದ್ರಿ?"

"ಬಸ್ಸಿಗೆ."

"ಆ ಬಸ್ಸು ಅವತ್ತೂ ಇತ್ತಲ್ರಿ? ದಿನಾ ನೀವ ಕೂಗ್ತೀರಿ. ಸೈಟ್ ಬದಲಾತು, ಅವ್ರು ಹಾಳಾಗಿ ಹೋಗ್ಲಿ. ದಾರಿ ಏನ್ ಬದಲಾಗಿತ್ತು?"

"ನೀವ ಎಲ್ಲಾ ಅಳಿಸಿದ್ರಿ ಅನ್ಕೊಂಡೆ."

"ನಾನೂ ಅದ ಅನ್ಕೊಂಡೆ. ನೀವ ಅಳಿಸಿ ಹೋದ್ರಿ ಅಂತ. ಎಂಟ ದಿನಾ ಊಟ ಸೇರಲಿಲ್ಲ ನನಗ."

"ನೀವರ ಬರಬಹುದಿತ್ತಲ್ರಿ ಭಾಲ್ಕಿಗೆ."

"ಬಂದಿದ್ದೆ."

ಮಂಗೇಶ ತಲೆ ಎತ್ತಿ ಅವಳನ್ನು ನೋಡಿದ.

"ಬಸ್ ಸ್ಟ್ಯಾಂಡಿನ್ಯಾಗ ಎರಡು ತಾಸು ಕುಂತಿದ್ದೆ. ನಿಮ್ಮ ದನಿ ಕೇಳ್ಕೋತ. ಲಾತೂರ, ಉದಗೀರ, ಬಸವಕಲ್ಯಾಣ, ಔರಾದ. ಅಷ್ಟ ಆರಾಮ ಇತ್ತು ನಿಮ್ಮ ದನಿ. ಇವ್ರಿಗೆ ನನ್ನ ಖಬರೂ ಇಲ್ಲ ಅನ್ಕೊಂಡು ತಿರುಗಿ ಹೋದೆ." ಅವಳು ಕೈ ಚಾಚಿದಳು. "ಕೊಡ್ರಿ ಫೋನ. ಏನ ಬರದಿದ್ರಿ, ಓದ್ತೇನಿ."

ಅವನು ಕೊಟ್ಟ. ಅವಳು ಓದಿದಳು. ಇದ್ದದ್ದು ಒಂದೇ ಸಾಲು, ಓದಲು ತುಂಬಾ ಹೊತ್ತು ಹಿಡಿಯಿತು. ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಎಂಟ ದಿನಾ ತಡೀರಿ ಅಂತ ಬರದೀರಿ. ನಾ ಇದನ್ನ ಓದಿಲ್ದ ಹದಿನಾಲ್ಕು ತಿಂಗಳು ತಡದೀನಿ ಮಂಗೇಶ. ನಡುವ ಮೂರು ಸಂಬಂಧ ಬಂದ್ವು, ಎಲ್ಲಾ ಬ್ಯಾಡ ಅಂದೆ. ಆಮ್ಯಾಲ ಮಯೂರ ಬಂದಾ. ಮಳಿಯಾಗ ತೊಯ್ಸಿಕೊಂಡು ಬೈಕ್ ಮ್ಯಾಲ ಬಂದು ಅಪ್ಪಾಜಿ ಮುಂದ ಕುಂತು ಕೇಳಿದಾ. ಅವನ ಮ್ಯಾಲ ಪ್ರೀತಿ ಅದನೋ ಇಲ್ಲೋ, ಇನ್ನ ನನಗೂ ಗೊತ್ತಿಲ್ಲ. ಬಂದಾ. ಅಷ್ಟ."

"ಇನ್ನ ನಾಲ್ಕು ದಿನ ಅದ, ಸಪನಾ."

"ನಿಮ್ಮ ಅವ್ವಗ ಹೇಳಿ ಬಂದೀರೇನು?"

ಅವನು ಇವತ್ತೂ ಹೇಳಿ ಬಂದಿರಲಿಲ್ಲ. ಬೀದರದಲ್ಲಿ ಕೆಲಸವಿದೆ ಅಂತ ಫೋನಿನಲ್ಲಿ ಹೇಳಿ ಹೊರಟು ಬಂದಿದ್ದ.

ಸಪನಾ ಫೋನನ್ನು ಅವನ ಅಂಗೈಯಲ್ಲಿಟ್ಟಳು. ಬೆರಳು ಮುಟ್ಟಿದವು, ಅವಳು ಕೂಡಲೇ ತೆಗೆಯಲಿಲ್ಲ. "ಸೈಟಿನವ್ರ ಮ್ಯಾಲ ಸಿಟ್ಟು ಬಿಡ್ರಿ," ಅಂದಳು ಮೆಲ್ಲಗೆ. "ಈ ಮಾತು ಅವತ್ತ ನನಗ ಮುಟ್ಟಿದ್ರೂ ಎಂಟನೇ ದಿನಾ ನೀವು ಬರ್ತಿರಲಿಲ್ಲ."

ಬರ್ತಿದ್ದೆ ಅನ್ನಲು ಮಂಗೇಶ ಬಾಯಿ ತೆರೆದ. ದಿನವಿಡೀ ಊರೂರಿನ ಹೆಸರು ಕೂಗುವ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಅದಕ್ಕೂ ಸಪನಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋದಳು.