ಅಮ್ಮನ ಪೇಶೆಂಟ್

"ಪೇಶೆಂಟ್ ಆದವಳು ಚಕ್ಕುಲಿ ತಿನ್ನಬಾರ್ದು ಕಣೆ!" ಫೋನಿನೊಳಗಿಂದ ಅಮ್ಮ ಗದರಿದಳು.

ವರ್ಷಿಣಿ ಬಾಯಲ್ಲಿದ್ದ ಚೂರನ್ನು ಗಬಕ್ಕನೆ ನುಂಗಿ, ದಿವಾನದ ಮೇಲೆ ಅಂಗಾತ ಮಲಗಿದಳು. ಸ್ಕೂಲ್ ರಿಬ್ಬನ್ನಿಗೆ ಹೆಸರಿನ ಚೀಟಿ ಅಂಟಿಸಿ ಕೈಗೆ ಕಟ್ಟಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಪೇಶೆಂಟಿನ ಕೈಗೆ ಪಟ್ಟಿ ಹಾಕಿರುತ್ತಾರಲ್ಲ, ಹಾಗೆ. ಫೋನು ಅಜ್ಜಿಯ ಎಲೆಯಡಿಕೆ ಡಬ್ಬಿಗೆ ಒರಗಿ ನಿಂತಿತ್ತು.

ಶ್ರೀರಾಂಪುರದ ಆ ಮನೆಯಲ್ಲಿ ಭಾನುವಾರ ಸಂಜೆಯೆಂದರೆ ಇದೇ ಆಟ. ಆಟ ಅಂದರೆ ಅಮ್ಮನಿಗೆ ಸಿಟ್ಟು ಬರುತ್ತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ 'ಸುಚಿತ್ರಾ ಸಿಸ್ಟರ್' ಅಂತ ಹನ್ನೆರಡು ವರ್ಷ ಹೆಸರು ಮಾಡಿದವಳು ಅವಳು. ಆದರೆ ಈಗ ಅವಳಿರುವ ಇಂಗ್ಲೆಂಡಿನವರಿಗೆ ಅದೆಲ್ಲ ಏನು ಗೊತ್ತು? ಅಲ್ಲಿ ನರ್ಸ್ ಅನ್ನಿಸಿಕೊಳ್ಳಬೇಕಾದರೆ, ಅವರೆದುರು ಮಾಡಿ ತೋರಿಸುವ ಟೆಸ್ಟ್ ಪಾಸಾಗಬೇಕು. ಅಲ್ಲಿಯವರೆಗೆ ಅಮ್ಮ ಬರೀ ಹೆಲ್ಪರ್.

ಟೆಸ್ಟಿನಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಕೇಳಬೇಕಂತೆ. ಹೆಸರು ಕೇಳಬೇಕು, ಕೈಪಟ್ಟಿಯಲ್ಲಿ ಅದೇ ಹೆಸರಿದೆಯಾ ನೋಡಬೇಕು. ಮಾತ್ರೆ ಕೊಡುವ ಮುಂಚೆ ಯಾವ ಔಷಧಿಯಾದರೂ ಮೈಗೆ ಒಗ್ಗುವುದಿಲ್ಲವಾ, ಅಲರ್ಜಿ ಇದೆಯಾ ಅಂತ ಕೇಳಬೇಕು. ಮೈಸೂರಿನಲ್ಲಾದರೆ ಅಲರ್ಜಿಯನ್ನು ಕೇಸ್‌ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ಬರೆದಿರುತ್ತಿದ್ದರು. ಅಮ್ಮ ಒಮ್ಮೆ ಕಣ್ಣಾಡಿಸಿ ಸರಸರ ಕೆಲಸ ಮುಗಿಸುತ್ತಿದ್ದಳು. ಅಷ್ಟು ವರ್ಷದ ಅಭ್ಯಾಸ ಸುಮ್ಮನೆ ಹೋಗುತ್ತದೆಯೇ? ಅಮ್ಮ ಏನು ಬಿಟ್ಟರೂ ತಟ್ಟನೆ ಹೇಳುವುದು ವರ್ಷಿಣಿಯ ಡ್ಯೂಟಿ.

"ತಗೊಳ್ಳಿ ಮೇಡಂ, ನಿಮ್ಮ ಮಾತ್ರೆ," ಅಮ್ಮ ಇಂಗ್ಲಿಷಿನಲ್ಲಿ ಹೇಳಿದಳು.

ಅಲರ್ಜಿ ಕೇಳಿರಲೇ ಇಲ್ಲ!

ವರ್ಷಿಣಿ ಬಾಯಿ ತೆರೆದಳು. ಅಷ್ಟರಲ್ಲಿ, ಬೆಳಗ್ಗೆ ಅಪ್ಪ ಅಜ್ಜಿಗೆ ಹೇಳಿದ ಮಾತು ನೆನಪಾಯಿತು. "ಪಾಸಾದ್ರೆ ಕಡೇಪಕ್ಷ ಮೂರು ವರ್ಷ ಅಲ್ಲೇ ಕಣವ್ವ. ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬುಡ್ತಾಳೆ."

"ಎಲ್ಲ ಕೇಳಿದ್ನಾ ಪುಟ್ಟಿ?" ಅಮ್ಮ ಕೇಳಿದಳು.

"ಹೂಂ ಅಮ್ಮ. ಫುಲ್ ಮಾರ್ಕ್ಸ್!"

ಆ ವಾರವೇ ಟೆಸ್ಟ್ ಆಯಿತು. ರಿಸಲ್ಟ್ ಬಂದ ದಿನ ಅಮ್ಮ ಫೋನ್ ಮಾಡಿದಾಗ ಅಪ್ಪ ಸ್ಪೀಕರ್ ಹಾಕಿದರು.

"ಫೇಲಾದೆ ಕಣ್ರೀ. ಅಲರ್ಜಿ ಕೇಳೋದನ್ನೇ ಬಿಟ್ಬುಟ್ಟೆ."

ವರ್ಷಿಣಿಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಆಗಲಿಲ್ಲ. ಅವತ್ತು ತಾನು ಹೇಳದೆ ಬಿಟ್ಟಿದ್ದೂ ಅದನ್ನೇ.

"ಹಂಗಾದ್ರೆ ಬಂದ್ಬುಡ್ತೀಯಾ ಅಮ್ಮ?"

"ಇನ್ನೊಂದೇ ಒಂದು ಚಾನ್ಸ್ ಕೊಟ್ಟಿದಾರೆ ಪುಟ್ಟಿ. ಅದೂ ಹೋದ್ರೆ ಬರೋದೇ." ಆಮೇಲೆ ಅಪ್ಪನಿಗೆ ಹೇಳಿದಳು. "ನಿನ್ನೆ ವಾರ್ಡಲ್ಲಿ ಒಬ್ಬ ಅಜ್ಜಿಗೆ ಉಸಿರು ಕಟ್ತು ಕಣ್ರೀ. ಪಕ್ಕದಲ್ಲೇ ಇದ್ದೆ. ಏನು ಮಾಡ್ಬೇಕು ಅಂತ ನಂಗೆ ಗೊತ್ತಿತ್ತು. ಆದ್ರೆ ನಾನು ಮಾಡೋ ಹಂಗಿಲ್ವಲ್ಲ? ನರ್ಸನ್ನ ಕೂಗಿ, ಗೋಡೆ ಪಕ್ಕ ನಿಂತ್ಕೊಂಡೆ. ನಾನು ನರ್ಸೇ ಅಲ್ವೇನೋ ಅನ್ನಿಸ್ಬುಡ್ತು."

"ಅಂಗನ್ಬ್ಯಾಡ ಕಣವ್ವ," ಅಂದರು ಅಜ್ಜಿ ಸಿದ್ದಲಿಂಗಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಮ್ಮನ ದನಿ ಇಷ್ಟು ಸಣ್ಣಗಾಗಿದ್ದನ್ನು ವರ್ಷಿಣಿ ಯಾವತ್ತೂ ಕೇಳಿರಲಿಲ್ಲ. ಅವಳ ಅಮ್ಮ ರಸ್ತೆಯಲ್ಲಿ ಯಾರು ತಲೆಸುತ್ತಿ ಬಿದ್ದರೂ, "ಜರುಗ್ರೀ, ಗಾಳಿ ಆಡ್ಲಿ!" ಅಂತ ನುಗ್ಗಿ ಮುಂದೆ ಹೋಗುವವಳು. ಗೋಡೆ ಪಕ್ಕ ನಿಲ್ಲುವ ಅಮ್ಮ ಯಾರೋ ಬೇರೆಯವಳ ಹಾಗಿದ್ದಳು. ಮತ್ತೆ ಫೇಲಾದರೆ, ಗೋಡೆ ಪಕ್ಕ ನಿಂತ ಆ ಬೇರೆಯವಳೇ ಮನೆಗೆ ವಾಪಸ್ ಬರುತ್ತಾಳೇನೋ. ಆ ದಿನ ವರ್ಷಿಣಿಗೆ ಊಟ ಸೇರಲಿಲ್ಲ.

ಭಾನುವಾರ ಸಂಜೆ ಯಾರೂ ಕರೆಯುವ ಮುಂಚೆಯೇ ಅವಳು ರಿಬ್ಬನ್ ಕಟ್ಟಿಕೊಂಡು ಮಲಗಿದ್ದಳು. ಚಕ್ಕುಲಿ ಮುಟ್ಟಿರಲಿಲ್ಲ.

ಅಮ್ಮನ ಕಣ್ಣುಗಳು ಊದಿಕೊಂಡಿದ್ದವು. ಹೆಸರು ಕೇಳಿದಳು. ಅಲರ್ಜಿ ಇದೆಯಾ ಅಂತ ಒಂದು ಸಲ ಅಲ್ಲ, ಎರಡು ಸಲ ಕೇಳಿದಳು. ಅದನ್ನು ಮತ್ತೆ ಮರೆಯಬಾರದೆಂಬ ಗಾಬರಿಯಲ್ಲಿ ಸೀದಾ ಮಾತ್ರೆಗೆ ಕೈ ಹಾಕಿದಳು. ಕೈಪಟ್ಟಿ ನೋಡಲೇ ಇಲ್ಲ.

ವರ್ಷಿಣಿ ಸೂರು ನೋಡಿದಳು. ಸುಮ್ಮನಿದ್ದರೆ ಸಾಕು, ಅಮ್ಮ ಬಂದುಬಿಡುತ್ತಾಳೆ. ಪಾಸಾದರೆ ಮೂರು ವರ್ಷ, ಅಷ್ಟರಲ್ಲಿ ತಾನು ಎಂಟನೇ ಕ್ಲಾಸು. ಅಷ್ಟು ದಿನವೂ ಅಮ್ಮ ಈ ಡಬ್ಬಿಗೆ ಒರಗಿಕೊಂಡೇ ಇರುತ್ತಾಳೆ.

"ಸಿಸ್ಟರ್..." ಅಂದಳು. ರಿಬ್ಬನ್ ಕಟ್ಟಿದ ಕೈಯನ್ನು ಫೋನಿನ ಹತ್ತಿರ ತಂದಳು. "ನನ್ನ ಕೈಪಟ್ಟಿ ನೋಡ್ಲೇ ಇಲ್ಲ ನೀವು. ಹಿಂಗಾದ್ರೆ ಫೇಲಾಗ್ತೀರ."

"ಅಯ್ಯೋ, ಹೌದಲ್ವಾ! ಸದ್ಯ, ನೀನು ಹೇಳ್ದೆ!" ಅಮ್ಮನ ದನಿ ಮೊದಲಿನ ಹಾಗೆ ಗಟ್ಟಿಯಾಗಿ ಕೇಳಿಸಿತು. "ಮೊದಲಿಂದ ಶುರು ಮಾಡ್ಲಾ ಪುಟ್ಟಿ?"

"ಮಾಡಿ ಸಿಸ್ಟರ್."

ವರ್ಷಿಣಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಕೈಯನ್ನು ಮಾತ್ರ, ಹೆಸರು ಅಮ್ಮನಿಗೆ ಚೆನ್ನಾಗಿ ಕಾಣುವ ಹಾಗೆ, ಫೋನಿನ ಮುಂದೆ ಹಾಗೇ ಹಿಡಿದಿದ್ದಳು.