ಕೊಪ್ಪರಿಗೆಯಲ್ಲಿ ಸಿಕ್ಕ ನೀಲಿ ಚಪ್ಪಲಿ

ಕುದಿಯುತ್ತಿದ್ದ ಟೊಮೆಟೊ ಸಾಸಿನಿಂದ ಕಾರ್ಖಾನೆಯ ಕೆಲಸಗಾರ್ತಿ ಮುತ್ತುಸೆಲ್ವಿಯ ಸೌಟು ಮೇಲೆತ್ತಿದ್ದು ಒಂದು ನೀಲಿ ಹವಾಯಿ ಚಪ್ಪಲಿಯನ್ನು.

ಆ ಕೊಪ್ಪರಿಗೆ ಕಲಕುವವನು ಒಡಿಶಾದಿಂದ ಬಂದ ಸುಕ್ರು ಮಾಝಿ. ಬೆಳಿಗ್ಗೆಯಿಂದ ಅವನ ಸುಳಿವಿಲ್ಲ. ಒಳಗೆ ಬಿದ್ದನೇ? ಉದ್ದದ ಸೌಟು ಹಾಕಿ ತಳದವರೆಗೂ ತಡಕಿದರು. ಬೇರೇನೂ ಸಿಗಲಿಲ್ಲ. ಸದ್ಯ!

ಅಷ್ಟರಲ್ಲಿ ತಮಿಳು ಸೀಮೆಯ ಒಡ್ಡನ್‌ಛತ್ರಂ ಹೊರವಲಯದ ಆ ಕಾರ್ಖಾನೆಯ ಮುಂದೆ ಜೀಪು ನಿಂತಿತು. ಇಳಿದವಳು ಆಹಾರ ಸುರಕ್ಷತಾ ಅಧಿಕಾರಿ ದೈವಾನೈ. ಹಿಂದಿನ ದಿನ ಸುಕ್ರು ಅವಳಿಗೆ ಫೋನ್ ಮಾಡಿ ಹರಕುಮುರುಕು ತಮಿಳಿನಲ್ಲಿ ಹೇಳಿದ್ದ: "ಸಾಸಿಗೆ ಕೊಳೆತ ಹಣ್ಣು. ಬಟ್ಟೆ ಬಣ್ಣ. ಬನ್ನಿ, ತೋರಿಸ್ತೀನಿ." ಮಧ್ಯಾಹ್ನ ಬರುತ್ತೇನೆಂದಿದ್ದಳು. ತಡೆಯಲಾರದೆ ಬೆಳಿಗ್ಗೆಯೇ ಬಂದಿದ್ದಳು.

ಮ್ಯಾನೇಜರ್ ವಿಮಲ್ ಮಿರಿಮಿರಿ ಮಿಂಚುವ ಬೂಟು ಟಕಟಕಿಸುತ್ತ ಬಂದು ಕೊಪ್ಪರಿಗೆಯ ಕೆಳಗಿನ ನಲ್ಲಿಗೆ ಕೈ ಹಾಕಿದ್ದ.

"ಅಸಹ್ಯ, ಮೇಡಂ. ಸೂಪರ್‌ವೈಸರ್ ಜೀವಾ ನಿನ್ನೆ ಬೈದ. ಆ ಸಿಟ್ಟಿಗೆ ಚಪ್ಪಲಿ ಹಾಕಿ ಊರಿಗೆ ಓಡಿದ್ದಾನೆ. ಇದನ್ನೆಲ್ಲ ಮೋರಿಗೆ ಬಿಡ್ತೀನಿ."

"ಒಂದು ತೊಟ್ಟೂ ಬಿಡಬೇಡಿ," ಎನ್ನುತ್ತ ದೈವಾನೈ ಮೊದಲು ಮಾದರಿ ತುಂಬಿ ಮೊಹರು ಹಾಕಿದಳು.

* * *

ದೈವಾನೈ ಕರೆಸಿದ ಜೀವಾ ಬೆವರುತ್ತಿದ್ದ.

"ಬೈದದ್ದು ನಿಜ. ಸುಕ್ರು ಕೊಳೆತದ್ದು ಹಾಕಲ್ಲ ಅಂದ, ಅದಕ್ಕೆ."

"ಹೊಡೆದೆಯಾ?"

"ಇಲ್ಲ, ಮೇಡಂ."

ದೈವಾನೈ ಅರ್ಧ ನಂಬಿದಳು. ಅವಳ ಕಣ್ಣು ಬಾಗಿಲಾಚೆಯ ನೀಲಿ ಚಪ್ಪಲಿಗಳ ರಾಶಿಯ ಮೇಲಿತ್ತು. ಕಾನೂನು ಕೇಳುವುದು ಗಂಬೂಟು. ಕಾರ್ಖಾನೆ ಕೊಟ್ಟದ್ದು ಹವಾಯಿ. ಒಳಗೆ ಎಲ್ಲರೂ ಬರಿಗಾಲು.

ಮುತ್ತುಸೆಲ್ವಿ ಮಾರ್ಕಯನ್‌ಕೋಟ್ಟೈ ಊರಿನವಳು. ಅವಳ ಮನೆಮಾತೂ ದೈವಾನೈಯ ಅಜ್ಜಿಯ ಮಾತೂ ಒಂದೇ, ಕನ್ನಡ. ದೈವಾನೈ ಚಪ್ಪಲಿ ತೋರಿಸಿ ತಡವರಿಸುತ್ತ ಕೇಳಿದಳು: "ಅಕ್ಕಾ, ಒಳಗೆ ಸೆರುಪ್ಪು ಹಾಕ್ಕೋತೀರಾ?"

"ತಿನ್ನೋದು ಬೇಯೋ ಜಾಗಕ್ಕೆ ಸೆರುಪ್ಪಾ? ಸುಕ್ರೂನೂ ಬಾಗ್ಲಲ್ಲೇ ಬುಡ್ತಾನೆ, ತಾಯಿ."

"ಎಲ್ಲಾ ಒಂದೇ ಮಾದಿರಿ ಐತೆ. ಗುರ್ತು ಹೆಂಗೆ?"

"ಕಾದ ಕಂಬೀಲಿ ಸುಟ್ಟಿಕ್ಕೊಂಡಿರ್ತೀವಿ. ನಂದು ಚುಕ್ಕಿ. ಅವಂದು ಗೀಟು."

ದೈವಾನೈ ತಟ್ಟನೆ ಎದ್ದಳು. "ಎಲ್ಲರೂ ಹೊರಗೆ ಬಂದು ನಿಮ್ಮ ನಿಮ್ಮ ಚಪ್ಪಲಿ ಮೆಟ್ಟಿ."

ರಾಶಿ ಕರಗಿತು. ಜೀವಾನಿಗೂ ಅವನ ಜೋಡಿ ಸಿಕ್ಕಿತು. ಮುತ್ತುಸೆಲ್ವಿಗೆ ಮಾತ್ರ ಒಂದೇ ಚಪ್ಪಲಿ. ನೆಲದಲ್ಲಿ ಒಂದು ಜೋಡಿ ಉಳಿಯಿತು. ಎರಡರಲ್ಲೂ ಸುಟ್ಟ ಗೀಟು!

"ಕೊಪ್ಪರಿಗೆಯಲ್ಲಿ ಬೆಂದದ್ದು ಮುತ್ತುಸೆಲ್ವಿಯದು, ಗುರುತು ಸಾಸಿನಲ್ಲಿ ಮುಚ್ಚಿಹೋಗಿದೆ. ಸುಕ್ರುವಿನವು ಇಲ್ಲೇ ಇವೆ. ಊರಿಗೆ ಹೊರಟವನು ಈ ಬಿಸಿಲಲ್ಲಿ ಬರಿಗಾಲಲ್ಲಿ ಹೋದನೇ? ಅವನು ಗೇಟು ದಾಟಿಯೇ ಇಲ್ಲ." ಅವಳು ಜೀವಾನತ್ತ ತಿರುಗಿದಳು. "ಜೀವಾ, ಬೀಗ ಹಾಕಿರೋ ಕೋಣೆ ಯಾವುದು?"

"ಕೋಲ್ಡ್ ರೂಮ್. ಮೆಷಿನ್ ಕೆಟ್ಟಿದೆ ಅಂತ ಮ್ಯಾನೇಜರ್ ಬೆಳಿಗ್ಗೆ ಬೀಗದ ಕೈ ಇಸ್ಕೊಂಡರು."

ಆ ಮೆಷಿನ್ನಿನ ಗುಂಯ್ ಸದ್ದು ಅಂಗಳದವರೆಗೂ ಕೇಳುತ್ತಿತ್ತು.

ಎಲ್ಲರೂ ಓಡಿದರು. ವಿಮಲ್ ಜೇಬು ತಡಕಾಡುತ್ತ ನಿಂತ. ಯಾರೂ ಕಾಯಲಿಲ್ಲ. ಜೀವಾ ಹಾರೆಯಿಂದ ಬೀಗ ಮುರಿದ. ಕ್ರೇಟುಗಳ ನಡುವೆ ಸುಕ್ರು ಮುದುರಿ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು. ಉಸಿರಿತ್ತು! ಅಂಗಿಯೊಳಗೆ ಅವಚಿಕೊಂಡಿದ್ದ ಬಾಟಲಿಯಲ್ಲಿ ಕೊಳೆತ ಹಣ್ಣಿನ ತಿರುಳಿತ್ತು.

* * *

"ನಿನ್ನೆಯ ಫೋನ್ ನಿಮ್ಮ ಕಿವಿಗೆ ಬಿತ್ತು," ದೈವಾನೈ ವಿಮಲ್‌ಗೆ ಹೇಳಿದಳು. "ಸುಕ್ರುವನ್ನು ಕೂಡಿ ಹಾಕಿದಿರಿ. ನಾನು ಬರುವ ಮೊದಲು ಸಾಸು ಚೆಲ್ಲಬೇಕು, ಅದಕ್ಕೊಂದು ನೆಪ ಬೇಕು. ಚಪ್ಪಲಿ ಹಾಕಿದರೆ ಸಾಸೂ ಹೋಯಿತು, ತಪ್ಪೂ ಅವನ ತಲೆಗೆ ಹೋಯಿತು."

"ಜೀವಾ ಮಾಡಿರಬಹುದಲ್ಲ?"

"ಜೀವಾ ದಿನವೂ ಇದೇ ರಾಶಿಯಲ್ಲಿ ಚಪ್ಪಲಿ ಬಿಡುವವನು. ಸುಕ್ರುವಿನದು ಬೇಕಿದ್ದರೆ ಸುಕ್ರುವಿನದನ್ನೇ ಎತ್ತುತ್ತಿದ್ದ. ಎಲ್ಲವೂ ಒಂದೇ ಅಂದುಕೊಳ್ಳುವವರು ಇಲ್ಲಿ ಒಬ್ಬರೇ."

ಎಲ್ಲರೂ ವಿಮಲ್‌ನ ಬೂಟು ನೋಡಿದರು. ಅವನೂ ನೋಡಿಕೊಂಡ. ಜೇಬಿನಿಂದ ತಾನಾಗಿಯೇ ಬೀಗದ ಕೈ ತೆಗೆದು ಕೊಟ್ಟ.

ಆಂಬುಲೆನ್ಸ್ ಬಂತು, ಹಿಂದೆಯೇ ಪೊಲೀಸರೂ ಬಂದರು. ಮುತ್ತುಸೆಲ್ವಿ ಗೀಟಿನ ಜೋಡಿಯನ್ನು ತಂದು ಸುಕ್ರುವಿನ ಕಾಲ ಬಳಿ ಇಟ್ಟಳು. ಗೇಟಿಗೆ ಹೋಗುವ ದಾರಿ ಸಾಸು ಬೇಯಿಸುವ ಕೋಣೆಯ ಮೂಲಕವೇ ಇತ್ತು. ಅವನು ಬೇಡವೆಂದು ತಲೆಯಾಡಿಸಿ ಚಪ್ಪಲಿ ಕೈಗೆತ್ತಿಕೊಂಡ. ಜೀವಾನ ಹೆಗಲು ಹಿಡಿದು, ನಡುಗುತ್ತ, ಕೊಪ್ಪರಿಗೆಗಳ ಪಕ್ಕದಲ್ಲಿ ಬರಿಗಾಲಲ್ಲೇ ನಡೆದ. ಬಾಗಿಲು ದಾಟಿದ ಮೇಲೆ ಮೆಟ್ಟಿಕೊಂಡ.