ಒಲೆಯ ಒಡತಿ

"ನೋಡು, ಕೇಳು, ಬೇಕಾದ್ದು ಬರ್ಕೋ. ಒಲೆ ಬೂದಿ ಮಾತ್ರ ಮುಟ್ಟಬೇಡ," ಎಂದಳು ಮುದುಕಿ. "ಅದು ಹೊಸಿಲು ದಾಟಿದ್ರೆ ದೇವಿಯೂ ದಾಟ್ತಾಳೆ. ಅವಳು ಕಾಲಿಟ್ಟ ಮನೇಲಿ ಇನ್ನೊಬ್ಬ ಯಜಮಾನಿಗೆ ಜಾಗ ಇರಲ್ಲ."

ಮೇಡಂ ನಕ್ಕಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಮನೆಯಲ್ಲಿ ಗಂಡ ಕೂಡ, ಕೊಂಕಾಗಿ. "ನಮ್ಮನೇಲಿ ಒಲೆನೇ ಇಲ್ಲ ಅಜ್ಜಿ, ಗ್ಯಾಸು. ನಿಮ್ಮ ದೇವಿ ಪಾಪ, ಸಿಲಿಂಡರ್ ಮೇಲೆ ಕೂರಬೇಕಾಗುತ್ತೆ."

ಮುದುಕಿ ನಗಲಿಲ್ಲ.

ಗುಡಿಯಿಲ್ಲದ, ಮೂರ್ತಿಯಿಲ್ಲದ, ಹೆಸರೂ ಇಲ್ಲದ ಆ ಒಲೆದೇವಿಯ ಬೆನ್ನು ಹತ್ತಿ ಮೇಡಂ ವರ್ಷಗಟ್ಟಲೆ ಅಲೆದಿದ್ದಳು. ಹಳೇ ಪೇಟೆಯ ಇಕ್ಕಟ್ಟು ಓಣಿಯ ಈ ಮನೆಯಲ್ಲಿ ಮಾತ್ರ ದೇವಿಯ ಬೆಂಕಿ ಇನ್ನೂ ಆರಿರಲಿಲ್ಲ. ನಡುಹಗಲಲ್ಲೂ ಅಡುಗೆಮನೆ ಬಾವಿಯ ತಳದಂತೆ ಕತ್ತಲು. ಗೋಡೆಗೆ ತಲೆಮಾರುಗಳ ಮಸಿ. ಕಮಟೆಣ್ಣೆ, ಸುಟ್ಟ ಕೂದಲು, ಹಸಿ ಹಾಲು ಬೆರೆತ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಒಲೆಯೊಳಗಿನ ಕೆಂಡಗಳು ಯಾರೋ ಉಸಿರಾಡಿದಂತೆ ಕೆಂಪಾಗಿ, ಕಪ್ಪಾಗಿ, ಮತ್ತೆ ಕೆಂಪಾಗುತ್ತಿದ್ದವು.

"ಬಾಯಾರಿರಬೇಕು. ನೀರು ತರ್ತೀನಿ," ಎಂದು ಮುದುಕಿ ಹಿತ್ತಲಿಗೆ ಹೋದಳು. ಬರಲು ಬಹಳ ಹೊತ್ತಾಯಿತು. ಅಷ್ಟರಲ್ಲಿ ಚಿಟಿಕೆ ಬೂದಿ ಪ್ಲಾಸ್ಟಿಕ್ ಕವರು ಸೇರಿ ಮೇಡಂಳ ಕೈಚೀಲಕ್ಕಿಳಿದಿತ್ತು. ಲ್ಯಾಬಿಗೆ ಕಳಿಸಿದರೆ ಒಲೆಗೆ ಏನೇನು ಉಣಿಸಿದ್ದಾರೆಂದಾದರೂ ತಿಳಿದೀತು ಎಂಬ ಲೆಕ್ಕಾಚಾರ ಅವಳದು.

ಮರುದಿನ ಕಾಲೇಜಿನಿಂದ ಬಂದರೆ ಮನೆ ತುಂಬ ಅಡುಗೆಯ ಘಮ. ಮೇಜಿನ ಮೇಲೆ ಹಬೆಯಾಡುವ ಪಾತ್ರೆಗಳು. ಗಂಡ ಬೆರಳು ನೆಕ್ಕುತ್ತಾ, "ಇಷ್ಟು ವರ್ಷ ಈ ಕೈರುಚಿ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ನಕ್ಕ.

ಅವಳು ಆ ದಿನ ಅಡುಗೆಮನೆಗೆ ಕಾಲೇ ಇಟ್ಟಿರಲಿಲ್ಲ. ಹೇಳಲು ಬಾಯಿ ತೆರೆದಳು. ಆದರೆ ಗಂಡ ಅವಳ ಮುಖ ನೋಡಿ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. "ಬೆಳಗ್ಗೆನೇ ಮಾಡಿಟ್ಟಿದ್ದೆ," ಎಂದುಬಿಟ್ಟಳು.

ಅಲ್ಲಿಂದ ಮನೆ ಅರಳುತ್ತಾ ಹೋಯಿತು. ಬಟ್ಟೆಗಳು ಮಡಚಿರುತ್ತಿದ್ದವು, ಹಾಸಿಗೆಗಳು ಬೆಚ್ಚಗಿರುತ್ತಿದ್ದವು. ಹೊಗಳಿಕೆಯನ್ನೆಲ್ಲ ಮೇಡಂ ಬಾಚಿಕೊಂಡಳು. ಒಂದು ಸಂಜೆ ಮಗಳು, "ಅಮ್ಮ, ಮಧ್ಯಾಹ್ನ ನೀನು ತಲೆ ಬಾಚಿದೆಯಲ್ಲ, ಹಾಗೇ ನಿದ್ದೆ ಬಂದುಬಿಡ್ತು," ಎಂದಳು. ಮಧ್ಯಾಹ್ನ ಮೇಡಂ ಪಾಠ ಮಾಡುತ್ತಿದ್ದಳು. ಮಗಳ ಜಡೆ ಮೂಸಿದಳು. ಹೊಗೆ.

ಕೈಚೀಲ ಕೊಡವಿದಳು. ಕವರಿನ ಮೂಲೆ ಕರಗಿ ತೂತಾಗಿತ್ತು. ಒಳಗೆ ಬೂದಿಯಿರಲಿಲ್ಲ. ಗ್ಯಾಸ್ ಹಚ್ಚಿದರೆ ಉರಿ ಅವಳ ಬೆರಳು ಕಂಡು ಮುದುರಿ ಆರಿತು. ಮತ್ತೆ ಹಚ್ಚಿದಳು. ಮತ್ತೆ ಆರಿತು. ಆಚೆ ಕೋಣೆಯಿಂದ ಗಂಡ ಕೇಳಿದ: "ಯಾರದು ಅಡುಗೆಮನೇಲಿ?"

ಮರುದಿನವೇ ಹಳೇ ಪೇಟೆಗೆ ಓಡಿದಳು. ಮುದುಕಿ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ನರೆಗೂದಲಿನ ಗಂಡಸೊಬ್ಬ ಅವಳ ಪಾದ ನೀವುತ್ತಿದ್ದ.

"ನನ್ನ ಮಗ," ಎಂದಳು ಮುದುಕಿ. "ಮೀಸೆ ಮೂಡೋ ಮುಂಚೆ ನನ್ನ ಮರೆತವನು. ಇಷ್ಟು ಕಾಲ ಯಾರೋ ದಿಕ್ಕಿಲ್ಲದವಳು ಅಂತ ಊಟ ಹಾಕ್ತಿದ್ದ. ನೀನು ಬಂದುಹೋದ ಸಂಜೆ ಅಮ್ಮ ಅಂತ ಕರೆದ."

"ನೀವೇ ಬೇಡ ಅಂದಿದ್ರಲ್ಲ, ಅಜ್ಜಿ."

"ಅನ್ನಲೇಬೇಕು. ಬೇಡ ಅಂದ್ರೂ ಒಯ್ಯೋರ ಜೊತೆ ಮಾತ್ರ ಅವಳು ಹೋಗೋದು." ಮುದುಕಿ ತಲೆ ತಗ್ಗಿಸಿದಳು. "ಬಾಯಲ್ಲಿ ಬೇಡ ಅಂದೆ. ನೀರು ತರೋದನ್ನ ನಿಧಾನ ಮಾಡಿದೆ."

"ವಾಪಸ್ ಕರ್ಕೊಳ್ಳಿ. ಕಾಲಿಗೆ ಬೀಳ್ತೀನಿ."

ಮುದುಕಿ ಓಣಿಯ ಅಂಚಿಗೆ ಕೈ ತೋರಿದಳು. ಒಡೆದ ಒಲೆಯ ಮಸಿಗಟ್ಟಿದ ಮಣ್ಣು ಅಲ್ಲಿ ಗುಡ್ಡೆಯಾಗಿ ಬಿದ್ದಿತ್ತು. "ನಿನ್ನ ಕಂಡ್ರೆ ಕರುಳು ಚುರ್ ಅನ್ನುತ್ತೆ. ಆದ್ರೂ ಆಗಲ್ಲ, ಮಗಳೇ."

ಮೇಡಂ ಮನೆ ಮುಟ್ಟುವಾಗ ಮುಸ್ಸಂಜೆ. ಬೀಗದ ಕೈ ತಿರುಗಲಿಲ್ಲ. ಒಳಗೆ ನಗು. ಗಂಡನದು. ಮಗಳದು. ಇನ್ನೊಂದು ನಗು. ಅದು ತನ್ನದೇ. ಬಾಗಿಲು ಬಡಿದಳು. ಹೆಜ್ಜೆ ಸದ್ದು. ಚಿಲಕ ಸರಿಯಿತು. ಬೆಚ್ಚನೆ ಹೊಗೆ ಮುಖಕ್ಕೆ ಬಡಿಯಿತು. ಮಗಳು.

"ಯಾರು ಬೇಕಿತ್ತು, ಆಂಟಿ?"

"ಪುಟ್ಟೀ. ನಾನು ಕಣೇ."

ಮಗಳು ಹಿಂದೆ ಸರಿದಳು. "ಅಮ್ಮಾ, ಯಾರೋ ಬಂದಿದಾರೆ."

"ಹೊರಗೆ ಚಳಿ ಇದೆ, ಒಳಗೆ ಕರಿ," ಎಂದಿತು ಅಡುಗೆಮನೆಯ ಕತ್ತಲು. ಮೇಡಂಳದೇ ದನಿ. ಮೇಡಂ ಎಂದೂ ಆಡಿರದಷ್ಟು ಮೆತ್ತಗೆ.

ಗಂಡ ಎದ್ದು ನಿಂತು ಪರಕೀಯರಿಗೆ ಕೊಡುವ ಮರ್ಯಾದೆಯಿಂದ ಕುರ್ಚಿ ತೋರಿಸಿದ. ಮಗಳು ತಟ್ಟೆ ತಂದಿಟ್ಟಳು. ಮೇಡಂ ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ತುಂಬಿತು. ಅಡುಗೆ ನಿಜಕ್ಕೂ ಚೆನ್ನಾಗಿತ್ತು.

"ಕೆಲಸ ಕೇಳಿಕೊಂಡು ಬಂದ್ರಾ?" ಎಂದ ಗಂಡ. "ಪಾತ್ರೆ ತೊಳೆಯೋಕೆ ಒಬ್ಬರು ಬೇಕು ಅಂತ ನಮ್ಮವಳು ಹೇಳ್ತಿದ್ದಳು."

ಅಲ್ಲ ಎಂದರೆ ಎದ್ದು ಹೋಗಬೇಕು. ಮಗಳು ಜಡೆಯ ತುದಿ ಕಚ್ಚುತ್ತಾ ಅವಳನ್ನೇ ನೋಡುತ್ತಿದ್ದಳು, ಅಪರಿಚಿತರನ್ನು ಮಕ್ಕಳು ನೋಡುವಂತೆ. ಮೇಡಂ ಕಾಲೇಜಿನ ಕೈಚೀಲವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

"ಹೌದು ಸರ್," ಎಂದಳು. "ನಾಳೆ ಎಷ್ಟು ಹೊತ್ತಿಗೆ ಬರಲಿ?"